ನೈಮೆಗನ್ನಿನ ದೇವಿಗೆ ಕಣ್ಣು ತೆರೆಸಿದ್ದು

ತಂಗಿ ಮಂಜುಳ ಇರುವ ಕಟ್ಟಡದ ಮೆಟ್ಟಿಲು ಹತ್ತುವಾಗ ಯಾರದೋ ಅಡುಗೆಮನೆಯಿಂದ ಬಿಳಿ ಆಸ್ಪರಾಗಸ್ ಬೇಯುವ ವಾಸನೆ ಬಂತು. ನುಗ್ಗೆಕಾಯಿಯನ್ನು ಹಾಲಿನಲ್ಲಿ ಬೇಯಿಸಿದರೆ ಹಾಗೆ ಬರಬಹುದೇನೋ. ಅವಳ ಮನೆ ಮೂರನೆಯ ಮಹಡಿಯಲ್ಲಿ. ನಾನು ಎರಡನೆಯದರಲ್ಲೇ ಸೂಟ್‌ಕೇಸ್ ಕೆಳಗಿಟ್ಟು ನಿಂತುಬಿಟ್ಟೆ. ಸುಸ್ತಾಯಿತಾ ಎಂದು ಅವಳು ಮೇಲಿನಿಂದ ಕೇಳಿದಳು. ಹೌದು ಎಂದೆ. ಸುಸ್ತೇನೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಊರಿನಲ್ಲಿ, ಇದೇ ವಾಸನೆಯ ತಿಂಗಳುಗಳಲ್ಲಿ, ನಾನೊಂದು ತಪ್ಪು ಮಾಡಿ ಅದನ್ನು ನನ್ನ ತಂಗಿಯ ತಲೆಗೆ ಕಟ್ಟಿ ವಿಮಾನ ಹತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೂ ಇದನ್ನು ಬೇರೆಯವರ ಕೈಲಿ ಬರೆಸುವುದು ಸರಿಯಲ್ಲ ಅನ್ನಿಸಿತು.

ನಮ್ಮದು ಕೋಲಾರದ ಕಡೆ ವಿಗ್ರಹ ಕೆತ್ತುವವರ ಊರು. ಅಪ್ಪ ತೀರಿಕೊಂಡಾಗ ಮಂಜುಳ ಇನ್ನೂ ತೊದಲು ಮಾತಾಡುವ ಮಗು. ನಾನು ದೊಡ್ಡಪ್ಪನ ಕೆಲಸದ ಚಪ್ಪರಕ್ಕೆ ಹೋಗಿ ಕೂತೆ. ತಂಗಿಯನ್ನು ಓದಿಸೋದಕ್ಕೆ ಅಣ್ಣ ಓದು ಬಿಟ್ಟ ಎಂದು ಊರಲ್ಲಿ ಹೇಳುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಶಾಲೆಗಿಂತ ಕಲ್ಲೇ ಇಷ್ಟವಿತ್ತು, ಅವಳು ತನ್ನ ತಲೆಯ ಬಲದಿಂದಲೇ ಸ್ಕಾಲರ್‌ಶಿಪ್ ಗಿಟ್ಟಿಸಿಕೊಂಡು ಓದಿದಳು. ಈಗ ಡಚ್ಚರ ದೇಶದ ನೈಮೆಗನ್ ಊರಿನಲ್ಲಿ ಚಿಪ್ ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಕೂದಲನ್ನು ಸಾವಿರ ಸೀಳು ಮಾಡಿದಷ್ಟು ತೆಳ್ಳಗಿನ ಗೆರೆಗಳನ್ನು ಅಲ್ಲಿ ಕೊರೆಯುತ್ತಾರಂತೆ. ಎಷ್ಟಾದರೂ ಕೊರೆಯುವವರ ಮನೆಯ ಹುಡುಗಿ ಎಂದರೆ ನಗುತ್ತಾಳೆ. ಮದುವೆ ಬೇಡ ಅಂದಳು. ಅಮ್ಮ ಇರುವವರೆಗೆ ಕೇಳಿದೆವು, ಆಮೇಲೆ ಬಿಟ್ಟೆವು.

ನಾಲ್ಕು ವರ್ಷದ ಹಿಂದೆ ಮೂರು ತಿಂಗಳ ವೀಸಾ ಮಾಡಿಸಿ ನನ್ನನ್ನು ಕರೆಸಿಕೊಂಡಳು. ಮಾರ್ಚ್ ಕೊನೆ. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಆಲಿಕಲ್ಲು, ಊಟದ ಹೊತ್ತಿಗೆ ಮತ್ತೆ ಬಿಸಿಲು, ಸಂಜೆ ವಾಲ್ ನದಿಯ ಕಡೆಯಿಂದ ಕಿವಿ ಕೊಯ್ಯುವ ಗಾಳಿ. ಆ ದೇಶವೆಲ್ಲ ರೊಟ್ಟಿ ತಟ್ಟಿದ ಹಾಗೆ ಸಪಾಟು, ಈ ಊರಲ್ಲಿ ಮಾತ್ರ ಏರುತಗ್ಗು ಇದೆ. ಊರವರು ಅದನ್ನು ಬೆಟ್ಟ ಅನ್ನುತ್ತಾರೆ, ನಾನು ಹೂಂ ಅನ್ನುತ್ತಿದ್ದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರಂತೆ. ಒಳಚರಂಡಿಗೆ ಅಗೆದರೂ ಮಡಕೆ ಚೂರು ಸಿಗುತ್ತದೆ.

ಎರಡನೆಯ ಶನಿವಾರ ಮಂಜುಳ ನನ್ನನ್ನು ಏರಿನ ಮೇಲಿನ ಒಂದು ಇಟ್ಟಿಗೆ ಮನೆಗೆ ಕರೆದುಕೊಂಡು ಹೋದಳು. ಅವಳು ಈ ದೇಶಕ್ಕೆ ಬಂದ ಮೊದಲ ವರ್ಷ ಅಲ್ಲಿ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಆಮೇಲೆ ಬೇರೆ ಮನೆ ಮಾಡಿದರೂ ಶನಿವಾರ ಅಲ್ಲೇ ಊಟ. ಬಾಗಿಲು ತೆರೆದವರು ಹನ್ನೆಕೆ, ಕೋಲಿನ ಹಾಗೆ ನೆಟ್ಟಗಿದ್ದ ಮುದುಕಿ. ಒಳಗೆ ಕಿಟಕಿಯ ಹತ್ತಿರ ಕೂತಿದ್ದವರು ಕೇಸ್, ಕಣ್ಣಿಗೆ ಪೊರೆ ಬಂದವರು. ಇಬ್ಬರಿಗೂ ಎಂಬತ್ತರ ಆಸುಪಾಸು. ನಾನು ಗಂಡ ಹೆಂಡತಿ ಅಂದುಕೊಂಡು ಇಬ್ಬರಿಗೂ ಒಟ್ಟಿಗೆ ಕೈ ಮುಗಿದೆ. ಅಣ್ಣ ತಂಗಿ ಎಂದು ಆಮೇಲೆ ಗೊತ್ತಾಯಿತು. ಇಬ್ಬರೂ ಮದುವೆಯಾಗದೆ ಅದೇ ಮನೆಯಲ್ಲಿ ಐವತ್ತು ವರ್ಷ ಕಳೆದಿದ್ದರು. ನಾನು ಅವರನ್ನು ಕೇಸ್ ತಾತ, ಹನ್ನೆಕೆ ಅಜ್ಜಿ ಅನ್ನುತ್ತಿದ್ದೆ. ಹಾಗಂದರೆ ಏನೆಂದು ಮಂಜುಳ ಹೇಳಿದಾಗ ಅಜ್ಜಿ, ನನಗೆ ಈ ಮುದುಕನನ್ನು ಗಂಟು ಹಾಕಬೇಡಿ, ಅಣ್ಣನಾಗಿ ಸಹಿಸಿಕೊಂಡದ್ದೇ ಸಾಕು ಎಂದರು.

ಅವರ ಹಜಾರದಲ್ಲಿ, ಎರಡು ಕುರ್ಚಿಗಳ ಎದುರಿಗೆ, ಒಬ್ಬ ದೇವಿ ನಿಂತಿದ್ದಳು.

ಅಮೃತಶಿಲೆಯ ದೇವಿ, ಪೀಠ ಸೇರಿ ನನ್ನ ಎದೆಯಷ್ಟು ಎತ್ತರ. ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿದ್ದಳು. ಬಲಗೈ ಭುಜದ ಹತ್ತಿರವೇ ಮುರಿದಿತ್ತು, ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಮೂಗೂ ಇಲ್ಲ. ರೋಮಿನ ಕಾಲದವಳು ಎಂದು ಮಂಜುಳ ಹೇಳಿದಳು. ಭಿನ್ನವಾದ ವಿಗ್ರಹವನ್ನು ನಾವು ಮನೆಯಲ್ಲಿ ಇಡುವುದಿಲ್ಲ. ಆದರೆ ಅವಳ ಸೆರಗಿನ ನಿರಿಗೆ ನೋಡಿದ ಮೇಲೆ ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಕೆತ್ತಿದ ಮನುಷ್ಯ ಮೊದಲು ಮನಸ್ಸಿನಲ್ಲಿ ಮೊಣಕಾಲು ಮಾಡಿ ಆಮೇಲೆ ಅದರ ಮೇಲೆ ಬಟ್ಟೆ ಹೊದಿಸಿದ್ದ. ನಿರಿಗೆಯ ಒಳಗಿನ ಸಂದಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಅವನ ಚಾಣದ, ಕಲ್ಲು ಕೊರೆಯುವ ಉಳಿಯ, ಗುರುತು ಹಾಗೇ ಇತ್ತು. ನಾನು ಅದರ ಮೇಲೆ ಬೆರಳಿಟ್ಟೆ. ಕೇಸ್ ತಾತ ಏನೋ ಕೇಳಿದರು. ನಿಮ್ಮ ಅಣ್ಣನಿಗೆ ಏನು ಸಿಕ್ಕಿತು ಅಂತ ಕೇಳ್ತಿದಾರೆ ಎಂದಳು ಮಂಜುಳ. ನಮ್ಮ ಕೆಲಸದವನೊಬ್ಬ ಸಿಕ್ಕಿದ ಎಂದು ಹೇಳು ಅಂದೆ. ಅವರಿಗೆ ಅದು ತುಂಬ ಇಷ್ಟವಾಯಿತು. ಆ ದಿನದಿಂದ ನನಗೆ ಆ ಮನೆಯಲ್ಲಿ ಸಲಿಗೆ.

ಅವರು ಶ್ರೀಮಂತರಲ್ಲ. ತಾತ ಶಾಲೆಯ ಮೇಷ್ಟರಾಗಿದ್ದವರು, ಅಜ್ಜಿ ಟಪಾಲು ಕಚೇರಿಯಲ್ಲಿದ್ದವರು. ಹರೆಯದಲ್ಲಿ ಕಾರು ಕೊಳ್ಳಬೇಕೆಂದು ಇಬ್ಬರೂ ಸೇರಿಸಿಟ್ಟಿದ್ದರಂತೆ. ಊರಿನ ಹಳೆಯ ಡಾಕ್ಟರೊಬ್ಬರ ಮನೆಯ ಸಾಮಾನು ಮಾರಾಟಕ್ಕೆ ಹೋದವರು ಕಾರು ಮರೆತು ದೇವಿಯನ್ನು ತಂದರು. ಜೀವನವೆಲ್ಲ ಸೈಕಲ್ಲಿನಲ್ಲೇ ಓಡಾಡಿದರು. ಆ ಡಾಕ್ಟರು ದೇವಿಗೆ ಹೊಸ ಮೂಗು ಮಾಡಿಸಿ ಅಂಟಿಸಿದ್ದರು. ತಾತ ಅದನ್ನು ತೆಗೆಸಿ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ನನಗೆ ತೋರಿಸಿದರು, ಚೆನ್ನಾಗಿಯೇ ಇತ್ತು. ಯಾಕೆ ತೆಗೆಸಿದಿರಿ ಎಂದರೆ, ಅವಳಿಗೆ ಆದದ್ದೆಲ್ಲ ಅವಳದು, ನಮಗೆ ಬೇಕಾದದ್ದನ್ನು ಅವಳಿಗೆ ಹಚ್ಚಬಾರದು ಎಂದರು. ಮಂಜುಳ ಪದ ಪದ ಬಿಡಿಸಿ ನನಗೆ ಕನ್ನಡದಲ್ಲಿ ಹೇಳಿದಳು. ತಿಳಿಯಲಿಲ್ಲ ಎಂದು ನಾನು ಯಾವತ್ತೂ ಹೇಳುವ ಹಾಗಿಲ್ಲ.

ಅವಳು ಯಾವ ದೇವಿ ಎಂಬುದರ ಮೇಲೆ ಅವರಿಬ್ಬರಿಗೂ ಜಗಳ. ತಾತ ಅವಳು ಅದೃಷ್ಟ ಕೊಡುವವಳು ಎಂದರೆ ಅಜ್ಜಿ ಇಲ್ಲ, ಬೆಳೆ ಕೊಡುವವಳು ಎನ್ನುವರು. ಕೈಗಳೇ ಇಲ್ಲ, ಕೈಯಲ್ಲಿ ಏನು ಹಿಡಿದಿದ್ದಳು ಎಂದು ಹೇಳುವವರು ಯಾರು. ಸೂಪಿನ ಮುಂದೆ ಕೂತರೆ ಸಾಕು, ಶುರು. ನಾನು ಮೂರನೆಯ ಸಲ ಹೋದಾಗ ದೇವಿಯ ಭುಜದ ಸ್ನಾಯುವಿನ ಹುರಿ ನೋಡಿದೆ. ಬಲಗೈ ಕೆಳಕ್ಕೆ ಇಳಿದು ಏನನ್ನೋ ಊರಿ ಹಿಡಿದಿದ್ದಿರಬೇಕು. ಎಡ ತೋಳಿನ ಒಳಗೆ ಒಂದು ಅಂಗೈಯಗಲ ಕಲ್ಲನ್ನು ನಯ ಮಾಡದೆ ಬಿಟ್ಟಿದ್ದರು, ಅಂದರೆ ಅಲ್ಲಿ ದೊಡ್ಡದೊಂದು ವಸ್ತು ಒರಗಿತ್ತು. ದಾರಿಯಲ್ಲಿ ಮಂಜುಳನಿಗೆ ಹೇಳಿದೆ. ಅವಳು ಫೋನಿನಲ್ಲಿ ಚಿತ್ರ ಹುಡುಕಿ ನೋಡಿ, ತಾತನೇ ಗೆದ್ದರು, ದೋಣಿಯ ಚುಕ್ಕಾಣಿ ಮತ್ತು ಹಣ್ಣು ತುಂಬಿದ ಕೊಂಬು ಹಿಡಿದ ಅದೃಷ್ಟದ ದೇವಿ ಎಂದಳು. ಸ್ವಲ್ಪ ದೂರ ನಡೆದು ನಿಂತಳು.

"ಅಣ್ಣ, ದಯವಿಟ್ಟು ಅವರಿಗೆ ಹೇಳ್ಬೇಡ. ಸಂಜೆ ಹೊತ್ತು ಅವರಿಬ್ಬರಿಗೆ ಬೇರೆ ಮಾತೇ ಇಲ್ಲ."

ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಆ ಮನೆಯಲ್ಲಿ ಮಂಜುಳ ಬೇರೆಯೇ ಆಗಿರುತ್ತಿದ್ದಳು. ಕಾರ್ಖಾನೆಯಿಂದ ಬರುವಾಗ ಮುಖ ಬಿಗಿದುಕೊಂಡು ಬರುವ ಹುಡುಗಿ ಅಲ್ಲಿ ಕೂತು ಆಸ್ಪರಾಗಸ್ ಸಿಪ್ಪೆ ಹೆರೆಯುತ್ತ ಅಜ್ಜಿಯ ಹತ್ತಿರ ಬೈಸಿಕೊಳ್ಳುತ್ತಿದ್ದಳು. ನೀನು ಅರ್ಧ ತರಕಾರಿ ಸಿಪ್ಪೆಯ ಜೊತೆ ಎಸೆಯುತ್ತೀಯ, ನಿನಗೆ ಇಂಜಿನಿಯರ್ ಪಟ್ಟ ಕೊಟ್ಟವರು ಯಾರು ಎಂದು ಅಜ್ಜಿ. ಶನಿವಾರ ಊಟಕ್ಕೆ ಮುಂಚೆ ಮೃದುವಾದ ಬ್ರಷ್ ಹಿಡಿದು ದೇವಿಯ ಧೂಳು ತೆಗೆಯುವುದು ಅವಳ ಕೆಲಸ. ಬೇರೆ ಯಾರಿಗೂ ಆ ಬ್ರಷ್ ಕೊಡುತ್ತಿರಲಿಲ್ಲ. ಅವರ ಮನೆಯ ಬೀಗದ ಕೈ ಇವಳ ಹತ್ತಿರವಿತ್ತು. ಇಲ್ಲಿ ನನಗೆ ಮನೆ ಅಂದ್ರೆ ಅದೇ ಅಣ್ಣ ಎಂದು ಒಮ್ಮೆ ಹೇಳಿದಳು.

ಇನ್ನೊಂದು ವಿಷಯವನ್ನೂ ಹೇಳಿದ್ದಳು. ದೇವಿಯ ಕಣ್ಣಲ್ಲಿ ಆಗಿನ ಕಾಲದಲ್ಲಿ ಬಣ್ಣದಿಂದ ಪಾಪೆ ಬರೆದಿದ್ದರು, ಅದೆಲ್ಲ ಅಳಿಸಿಹೋಗಿದೆ ಎಂದು. ಈಗ ಕಣ್ಣುಗುಡ್ಡೆ ನುಣ್ಣಗೆ, ಬರಿದಾಗಿತ್ತು. ಓದಿದವರು ಅದನ್ನು ಕೇಳಿದರೆ, ಬಣ್ಣ ಹೋಗಿದೆ ಎಂದುಕೊಳ್ಳುತ್ತಾರೆ. ನಾನು ಬೇರೆ ಅಂದುಕೊಂಡೆ.

ನಮ್ಮಲ್ಲಿ ವಿಗ್ರಹದ ಕೆಲಸವೆಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ತೆರೆಸುತ್ತಾರೆ. ಪಾಪೆಯ ಗೆರೆ ಎಳೆಯುವವರೆಗೆ ಅದು ಕಲ್ಲು, ಎಳೆದ ಮೇಲೆ ದೇವರು. ಅದನ್ನು ಮನೆತನದ ಹಿರಿಯನೇ ಮಾಡಬೇಕು. ಮೂವತ್ತು ವರ್ಷ ನಾನು ಕೆತ್ತಿದ ದೇವರುಗಳಿಗೆಲ್ಲ ಕಣ್ಣು ತೆರೆಸಿದ್ದು ದೊಡ್ಡಪ್ಪ. ನಾನು ಉಗುರಿನ ತನಕ ಮಾಡಿ ಮುಗಿಸಿ ಕೈ ತೊಳೆದು ಹೊರಗೆ ನಿಲ್ಲುತ್ತಿದ್ದೆ. ಅವರಿಗೆ ಕೈ ನಡುಗಲು ಶುರುವಾದ ಮೇಲೂ ಚಾಣ ಬಿಡಲಿಲ್ಲ. ನನಗೆ ಅದರ ಆಸೆ ಎಷ್ಟಿತ್ತೆಂದು ಹೆಂಡತಿಗೂ ಹೇಳಿದವನಲ್ಲ. ಆ ಹಜಾರದಲ್ಲಿ ಕೂತಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಇಷ್ಟೇ: ಯಾರೋ ಇಷ್ಟು ಚೆನ್ನಾಗಿ ಮಾಡಿ, ಕಣ್ಣು ಮಾತ್ರ ತೆರೆಸದೆ ಬಿಟ್ಟುಹೋಗಿದ್ದಾನೆ. ಇವಳು ಸಾವಿರಾರು ವರ್ಷದಿಂದ ಕಾಯುತ್ತಿದ್ದಾಳೆ. ತಾತನ ಕಣ್ಣಿನ ಪೊರೆಗೂ ಇದಕ್ಕೂ ಏನೋ ಸಂಬಂಧ ಕಟ್ಟಿಕೊಂಡೆ. ಇವಳು ನೋಡಿದರೆ ಈ ಮನೆಗೆ ಒಳ್ಳೆಯದಾಗುತ್ತದೆ ಎಂದುಕೊಂಡೆ. ಒಳ್ಳೆಯದನ್ನೇ ಎಣಿಸಿದ್ದೆ ಎನ್ನುವುದು ನಿಜ, ಅದರ ಹಿಂದೆ ನನ್ನ ಆಸೆ ಕೂತಿತ್ತು ಎನ್ನುವುದೂ ಅಷ್ಟೇ ನಿಜ.

ಅವರ ಹಿತ್ತಿಲ ಬಾಗಿಲಿನ ಹೊಸ್ತಿಲು ಕಲ್ಲು ಒಡೆದಿತ್ತು. ಅದನ್ನು ಸರಿಮಾಡಿಕೊಡುತ್ತೇನೆ ಎಂದು ನಾನೇ ಹೇಳಿದ್ದೆ. ಊರಿಂದ ಬರುವಾಗ ನಾಲ್ಕು ಚಾಣ, ಒಂದು ಪುಟ್ಟ ಕೊಡತಿ ಪೆಟ್ಟಿಗೆಯಲ್ಲಿ ತಂದಿದ್ದೆ, ಅವಿಲ್ಲದೆ ಎಲ್ಲಿಗೂ ಹೋಗಿ ಗೊತ್ತಿಲ್ಲ. ಏಪ್ರಿಲ್ ಕೊನೆಗೆ ಅಲ್ಲಿ ರಾಜನ ಹುಟ್ಟುಹಬ್ಬ. ಊರೆಲ್ಲ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಂಡು ಬೀದಿಯಲ್ಲಿ ಚಾಪೆ ಹಾಸಿ ಹಳೆಯ ಸಾಮಾನು ಮಾರುತ್ತದೆ. ತಾತ ಅಜ್ಜಿ ಇಬ್ಬರಿಗೂ ಹಳೆಯ ಸಾಮಾನು ಎಂದರೆ ಪ್ರಾಣ. ಮಂಜುಳ ತಾತನ ಕೈ ಹಿಡಿದುಕೊಂಡು ಮೂವರೂ ಬೆಳಿಗ್ಗೆಯೇ ಹೊರಟರು. ಕಲ್ಲಿನ ಕೆಲಸವಿದೆ ಎಂದು ನಾನು ಉಳಿದೆ.

ಹೊಸ್ತಿಲಿಗೆ ಗಾರೆ ಹಾಕಿದೆ. ಅದು ಹಿಡಿಯುವವರೆಗೆ ಮಾಡಲು ಕೆಲಸವಿರಲಿಲ್ಲ. ಕೈಕಾಲು ತೊಳೆದೆ. ಅಡುಗೆಮನೆಯಲ್ಲಿ ಜೇನುತುಪ್ಪದ ಬಾಟಲಿ ಇತ್ತು, ಎಲ್ಲಕ್ಕಿಂತ ಸಣ್ಣ ಚಾಣದ ತುದಿಗೆ ಅದನ್ನು ಮುಟ್ಟಿಸಿದೆ. ಮೊದಲ ನೋಟ ಕೆತ್ತುವವನ ಮೇಲೆ ಬೀಳಬಾರದು ಎಂದು ಕನ್ನಡಿ ಇಡುವುದು ಪದ್ಧತಿ. ಅಜ್ಜಿಯ ಕೈಗನ್ನಡಿ ತಂದು ಕುರ್ಚಿಯ ಮೇಲೆ ಒರಗಿಸಿದೆ. ನಾನು ಓರೆಯಾಗಿ ನಿಂತೆ. ಹೊರಗೆ ಬ್ಯಾಂಡ್ ಬಾರಿಸುತ್ತಿದ್ದರು. ನಮ್ಮ ಕರಿಕಲ್ಲು ಚಾಣಕ್ಕೆ ಎದುರಾಡುತ್ತದೆ, ಹತ್ತು ಏಟು ಹೊಡೆದರೆ ಒಂದು ಮಾತು ಕೇಳುತ್ತದೆ. ಈ ಕಲ್ಲು ಹಸಿಕೊಬ್ಬರಿಯ ಹಾಗೆ ಒಳಗೆ ಬಿಟ್ಟುಕೊಂಡಿತು. ಹದಿನೈದು ನಿಮಿಷವೂ ಆಗಲಿಲ್ಲ. ಮುಗಿದ ಮೇಲೆ ಕೈ ಮುಗಿದೆ. ನನಗೆ ಅಳು ಬಂತು. ಆ ಹದಿನೈದು ನಿಮಿಷ ನಾನು ಸುಖವಾಗಿದ್ದೆ ಎಂದು ಹೇಳದಿದ್ದರೆ ಈ ಬರಹದಲ್ಲಿ ಸುಳ್ಳು ಸೇರುತ್ತದೆ.

ತಾತನಿಗೆ ಕಾಣುತ್ತಿರಲಿಲ್ಲ. ಅಜ್ಜಿ ದೇವಿಯನ್ನು ಐವತ್ತು ವರ್ಷ ನೋಡಿ ನೋಡಿ, ನೋಡುವುದನ್ನು ಬಿಟ್ಟಿದ್ದರೇನೋ, ಗಮನಿಸಲಿಲ್ಲ. ಶನಿವಾರ ಮಂಜುಳ ಬ್ರಷ್ ಹಿಡಿದು ಹತ್ತಿರ ಹೋದಳು. ಮುಖದ ಹತ್ತಿರ ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ, ಬ್ರಷ್ ಆಡಿಸುವುದನ್ನು ಮುಂದುವರಿಸಿದಳು. ಮನೆಗೆ ಬಂದ ಮೇಲೆ ಚಪ್ಪಲಿಯನ್ನೂ ಬಿಡದೆ ಕೇಳಿದಳು.

"ಏನ್ ಮಾಡ್ದೆ ಅಣ್ಣ?"

"ಕಣ್ಣು ತೆರೆಸ್ದೆ."

ಅವಳು ಬಾಗಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟಳು. ಆಗ ನನಗೆ ಒಂದೊಂದೇ ತಿಳಿಯಿತು. ದೇವಿಯನ್ನು ತಾತ, ಅಜ್ಜಿ ತಾವು ಬದುಕಿರುವಾಗಲೇ ಒಂದು ಮ್ಯೂಸಿಯಮ್ಮಿಗೆ ಕೊಡಬೇಕೆಂದಿದ್ದರು. ಪಕ್ಕದಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಇರುವ ಒಂದು ಚೀಟಿ, ಅಷ್ಟೇ ಅವರು ಕೇಳಿದ್ದು. ಮೇ ತಿಂಗಳಲ್ಲಿ ಅದನ್ನು ಪರೀಕ್ಷಿಸಲು ತಜ್ಞೆಯೊಬ್ಬಳು ಬರುವವಳಿದ್ದಳು. ರೋಮಿನವರು ಪಾಪೆಯನ್ನು ಬಣ್ಣದಲ್ಲಿ ಬರೆಯುತ್ತಿದ್ದ ಕಾಲ ಬೇರೆ, ಕೊರೆಯುತ್ತಿದ್ದ ಕಾಲ ಬೇರೆಯಂತೆ. ನಾನು ಎರಡು ಗೆರೆ ಎಳೆದು ದೇವಿಯ ವಯಸ್ಸನ್ನೇ ಕೆಡಿಸಿದ್ದೆ. ಹೊಸ ಗೆರೆ ಉಪ್ಪಿನ ಹರಳಿನ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು, ಯಾರು ಬೇಕಾದರೂ ಕಂಡುಹಿಡಿಯಬಹುದಿತ್ತು.

ಅವರಿಗೆ ಈಗಲೇ ಹೇಳೋಣ ಎಂದಳು. ನಾನೇ ಹೇಳುತ್ತೇನೆ ಎಂದೆ. ಹೊಸ್ತಿಲು ಮುಗಿಯಲಿ ಎಂದೆ. ಹೊಸ್ತಿಲು ಮುಗಿಯಿತು. ತಾತನಿಗೆ ನೆಗಡಿ, ವಾಸಿಯಾಗಲಿ ಎಂದೆ. ವಾಸಿಯಾಯಿತು. ಊರಿಗೆ ಹೊರಡುವ ಮೊದಲು ಹೇಳುತ್ತೇನೆ ಎಂದೆ. ಎರಡು ವಾರ ಪ್ರತಿ ಬೆಳಿಗ್ಗೆ ಮಂಜುಳ ಕೆಲಸಕ್ಕೆ ಹೋಗುವಾಗ ನನ್ನ ಮುಖ ನೋಡುವಳು, ನಾನು ಕಾಫಿ ಲೋಟ ನೋಡುವೆ.

ತಜ್ಞೆ ಬಂದಾಗ ನಾವೂ ಅಲ್ಲಿದ್ದೆವು. ಅಜ್ಜಿ ಕೇಕ್ ಮಾಡಿದ್ದರು. ಆ ಹುಡುಗಿ ಹಣೆಗೆ ದೀಪ ಕಟ್ಟಿಕೊಂಡು ಕಾಲಿನಿಂದ ನೋಡುತ್ತ ಮೇಲೆ ಬಂದಳು. ಎಲ್ಲದಕ್ಕೂ ಏನಾದರೂ ಹೊಗಳುತ್ತಿದ್ದವಳು ಮುಖಕ್ಕೆ ಬಂದ ಮೇಲೆ ಮಾತು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಏನೋ ಕೇಳಿದಳು. ಅಜ್ಜಿ ಎದ್ದು ಹತ್ತಿರ ಹೋಗಿ ನೋಡಿದರು. ಮಂಜುಳ ನನ್ನ ಕಡೆ ನೋಡಿದಳು. ನಾನು ಹೇಳಬೇಕಾದ ಹೊತ್ತು ಅದೇ ಎಂದು ನನಗೆ ತಿಳಿದಿತ್ತು. ಡಚ್ ಭಾಷೆಯಲ್ಲಿ 'ಇಕ್' ಎಂದರೆ 'ನಾನು'. ಎರಡು ತಿಂಗಳಲ್ಲಿ ನಾನು ಕಲಿತ ನಾಲ್ಕಾರು ಪದಗಳಲ್ಲಿ ಅದೂ ಒಂದು. ಅಷ್ಟು ಹೇಳಿ ಎದೆ ಮುಟ್ಟಿಕೊಂಡಿದ್ದರೆ ಸಾಕಿತ್ತು.

"ಇಕ್," ಎಂದಳು ಮಂಜುಳ. ತನ್ನ ಎದೆ ಮುಟ್ಟಿಕೊಂಡಳು.

ಆಮೇಲೆ ಉದ್ದಕ್ಕೆ ಮಾತಾಡಿದಳು. ಕಣ್ಣಿನ ಸಂದಿಯಲ್ಲಿ ಕೊಳೆ ಕೂತಿತ್ತು, ಕಾರ್ಖಾನೆಯ ಸೂಜಿಯಂಥ ಉಪಕರಣ ತಂದು ಕೆರೆದೆ, ಕೈ ಜಾರಿತು, ಸರಿಮಾಡಲು ಹೋಗಿ ಇನ್ನೊಂದನ್ನೂ ಕೆಡಿಸಿದೆ ಎಂದು ಹೇಳಿದಳಂತೆ. ಮಧ್ಯದಲ್ಲಿ ನಾನು ಏಳಬಹುದಿತ್ತು. ಕೇಕಿನ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದೆ. ಅಜ್ಜಿ ಬೈಯಲಿಲ್ಲ. ತಜ್ಞೆಯನ್ನು ಬಾಗಿಲ ತನಕ ಬಿಟ್ಟುಬಂದರು. ಮೇಜಿನ ಮೇಲೆ ಬೆರಳಿನಿಂದ ಒಂದು ಜಾಗ ತೋರಿಸಿದರು. ಮಂಜುಳ ಬೀಗದ ಕೈಯನ್ನು ಗೊಂಚಲಿನಿಂದ ಬಿಡಿಸಿ ಅಲ್ಲಿಟ್ಟಳು. ಅದು ಬಿಡಿಸಲು ಬರದೆ ಬಹಳ ಹೊತ್ತು ಹಿಡಿಯಿತು. ಹೊರಡುವಾಗ ಕೇಸ್ ತಾತ ನನ್ನ ಕೈ ಕುಲುಕಿದರು. ಬಿಡದೆ ತಿರುಗಿಸಿ, ಅಂಗೈಯ ಜಡ್ಡುಗಳ ಮೇಲೆ ಹೆಬ್ಬೆರಳಾಡಿಸಿದರು. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ವಾರದಲ್ಲಿ ನಾನು ಊರಿಗೆ ಹೊರಟೆ. ವಿಮಾನ ನಿಲ್ದಾಣದಲ್ಲಿ ಮಂಜುಳ, ಔಷಧಿ ಕೈಚೀಲದಲ್ಲೇ ಇದೆ ಎಂದಳು.

ಮ್ಯೂಸಿಯಮ್ಮಿನವರು ದೇವಿ ಬೇಡ ಎಂದರು. ಎರಡನೆಯ ಚಳಿಗಾಲದಲ್ಲಿ ತಾತ ಹೋದರು. ಆ ದೇಶದಲ್ಲಿ ಸಾವಿನ ಸುದ್ದಿಯನ್ನು ಅಚ್ಚು ಹಾಕಿಸಿ ಬೇಕಾದವರಿಗೆ ಅಂಚೆಯಲ್ಲಿ ಕಳಿಸುತ್ತಾರೆ. ಮಂಜುಳನಿಗೆ ಆ ಕಾರ್ಡ್ ಬರಲಿಲ್ಲ. ಬ್ರೆಡ್ ಅಂಗಡಿಯಲ್ಲಿ ಯಾರೋ ಮಾತಾಡುವುದನ್ನು ಕೇಳಿ ಗೊತ್ತಾಯಿತಂತೆ. ನನಗೆ ಅದನ್ನು ಫೋನಿನಲ್ಲಿ ಹೇಳಿ, ಸರಿ ಅಣ್ಣ, ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟಳು. ಅದೇ ವರ್ಷ ದೊಡ್ಡಪ್ಪನೂ ತೀರಿಕೊಂಡರು. ಊರಲ್ಲಿ ಈಗ ಹಿರಿಯ ನಾನೇ. ಕಣ್ಣು ತೆರೆಸಲು ಕರೆದಾಗಲೆಲ್ಲ ಕೈನೋವು ಎಂದು ಹೇಳಿ ದೊಡ್ಡಪ್ಪನ ಮಗನ ಕೈಗೆ ಚಾಣ ಕೊಡುತ್ತೇನೆ.

ಈ ಸಲ ಬಂದ ಮೂರನೆಯ ದಿನ ಮಂಜುಳನಿಗೆ ಹೇಳಿದೆ, ಅಜ್ಜಿಯನ್ನು ನೋಡಬೇಕು ಎಂದು. ಅವಳು ತಟ್ಟೆ ತೊಳೆಯುತ್ತಿದ್ದಳು.

"ಈಗ ಯಾಕೆ? ನಾನು ಬೇಜವಾಬ್ದಾರಿ ಅಂತ ಅಂದ್ಕೊಂಡಿದಾರೆ, ಅಂದ್ಕೊಂಡಿರ್ಲಿ. ಸುಳ್ಳು ಹೇಳ್ದೆ ಅಂತ ಗೊತ್ತಾದ್ರೆ ಅದು ಇನ್ನೂ ಕೆಟ್ಟದ್ದು."

"ನನ್ನ ಉಳಿಸೋಕೆ ಹೇಳ್ದೆ ಅಂತ ಹೇಳ್ತೀನಿ."

"ನಿನ್ನ ಉಳಿಸೋಕೆ ಯಾರು ಹೇಳಿದ್ರು?" ಅವಳು ನಲ್ಲಿ ನಿಲ್ಲಿಸಿದಳು. "ನೀನು ಬರೋಕೆ ಮುಂಚೆ ಒಂದು ವರ್ಷ ಅವರ ಮುಂದೆ ನಿನ್ನ ಬಗ್ಗೆನೇ ಮಾತಾಡಿದೀನಿ. ನಮ್ಮಣ್ಣ ಹಾಗೆ ಕೆತ್ತುತ್ತಾನೆ, ಹೀಗೆ ಕೆತ್ತುತ್ತಾನೆ ಅಂತ. ಕಲ್ಲು ಕೆಡಿಸೋನು ಅಂತ ಅವರ ಬಾಯಲ್ಲಿ ಕೇಳೋಕೆ ನನಗೆ ಆಗ್ತಿರ್ಲಿಲ್ಲ. ಅಷ್ಟೇ."

ನಾನು ಒರೆಸುವ ಬಟ್ಟೆ ತೆಗೆದುಕೊಂಡು ತಟ್ಟೆಗಳನ್ನು ಒರೆಸಿದೆ. ಕೊನೆಯ ಚಮಚ ಒರೆಸಿಟ್ಟ ಮೇಲೆ ಅವಳು ಕೈ ಒಣಗಿಸಿಕೊಂಡು ಫೋನ್ ತೆಗೆದಳು. ನಾಲ್ಕು ವರ್ಷದ ಮೇಲೆ ಮಾಡಿದ ಆ ಫೋನು ಒಂದು ನಿಮಿಷವೂ ನಡೆಯಲಿಲ್ಲ. ಗುರುವಾರ ಮೂರು ಗಂಟೆ, ಅರ್ಧ ತಾಸು ಮಾತ್ರ ಎಂದರಂತೆ ಅಜ್ಜಿ.

ಅಜ್ಜಿ ಚಕ್ರದ ಊರುಗೋಲು ತಳ್ಳಿಕೊಂಡು ಬಂದು ಬಾಗಿಲು ತೆಗೆದರು. ಬೆನ್ನು ಬಾಗಿತ್ತು. ಮಂಜುಳನಿಗೆ ಕೈ ಕೊಟ್ಟರು, ಅಲ್ಲಿಯ ಪದ್ಧತಿಯಂತೆ ಮುತ್ತಿಗೆ ಕೆನ್ನೆ ಕೊಡಲಿಲ್ಲ. ಹಜಾರದಲ್ಲಿ ಒಂದೇ ಕುರ್ಚಿ ಇತ್ತು. ದೇವಿ ಅಲ್ಲೇ ಇದ್ದಳು, ಮುಖ ಮಾತ್ರ ಗೋಡೆಯ ಕಡೆಗಿತ್ತು. ಹಿಂದಿನ ಸೆರಗು, ತುರುಬು ನಮ್ಮ ಕಡೆ. ಅಷ್ಟು ಭಾರದ ಕಲ್ಲನ್ನು ಈ ಮುದುಕಿ ಯಾರನ್ನೋ ಕರೆಸಿ ತಿರುಗಿಸಿದ್ದರು ಎಂದರೆ ಆ ನೋಟ ಅವರಿಗೆ ಎಷ್ಟು ಚುಚ್ಚಿರಬೇಕು.

ನಾನು ಕೂರದೆ ಹೇಳಿದೆ. ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಕನ್ನಡದಲ್ಲಿ ಹೇಳಿದೆ. ನಮ್ಮ ಪದ್ಧತಿ, ದೊಡ್ಡಪ್ಪ, ನನ್ನ ಆಸೆ, ರಾಜನ ಹುಟ್ಟುಹಬ್ಬ, ಜೇನುತುಪ್ಪ, ಕನ್ನಡಿ. ಎರಡು ವಾರ ಮುಂದೂಡಿದ್ದು. ಇವಳು ಮಾತಾಡುವಾಗ ನಾನು ಕೇಕ್ ಹಿಡಿದು ಕೂತದ್ದು. ಹೇಳಿ ಮುಗಿಸಿ ಮಂಜುಳನ ಕಡೆ ನೋಡಿದೆ. ಅವಳು ಡಚ್‌ನಲ್ಲಿ ಮೂರೋ ನಾಲ್ಕೋ ಪದ ಹೇಳಿದಳು. ಅಜ್ಜಿ ತಲೆಯಾಡಿಸಿದರು. ನಾನು ಹೇಳಿದ್ದು ಅಷ್ಟರಲ್ಲಿ ಹಿಡಿಯುವುದಿಲ್ಲ ಎಂದು ನನಗೆ ತಿಳಿಯದೇ? ತಾತ ಹೋದದ್ದಕ್ಕೆ ಅಣ್ಣನಿಗೆ ದುಃಖವಾಗಿದೆ ಎಂದು ಹೇಳಿದಳಂತೆ.

ಅಜ್ಜಿಯ ಪಕ್ಕದಲ್ಲಿ ಪದಬಂಧದ ಪತ್ರಿಕೆ, ಪೆನ್ಸಿಲ್ ಇತ್ತು. ಎತ್ತಿಕೊಂಡೆ. ಪತ್ರಿಕೆಯ ಅಂಚಿನಲ್ಲಿ ಒಂದು ಕಣ್ಣು ಬರೆದೆ. ರೆಪ್ಪೆ, ಗುಡ್ಡೆ, ಆಮೇಲೆ ಉಸಿರು ಹಿಡಿದು, ಪೆನ್ಸಿಲ್ ಎತ್ತದೆ, ಒಂದೇ ಎಳೆತದಲ್ಲಿ ಪಾಪೆಯ ಗೆರೆ. ದೊಡ್ಡಪ್ಪ ಎಳೆಯುತ್ತಿದ್ದ ಗೆರೆ ಅದು, ನಮ್ಮ ಮನೆಯವರಲ್ಲದೆ ಯಾರೂ ಹಾಗೆ ಎಳೆಯುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಬರೆದೆ. ಅಜ್ಜಿಯ ಮುಂದಿಟ್ಟು ಎದೆ ಮುಟ್ಟಿಕೊಂಡು, "ಇಕ್" ಎಂದೆ.

ಅಜ್ಜಿ ಕನ್ನಡಕ ಹಾಕಿಕೊಂಡರು. ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಂಜುಳನನ್ನು ಒಂದೇ ಪ್ರಶ್ನೆ ಕೇಳಿದರು. ಅವಳು ತಲೆ ತಗ್ಗಿಸಿ "ಯಾ" ಎಂದಳು, ಹೌದು ಎಂದು. ಅಜ್ಜಿಯ ಮುಖ ಕೆಂಪಗಾಯಿತು. ಈಗ ಬೈಗುಳ ಬರುತ್ತದೆ ಎಂದು ನಾನು ಕಾದೆ. ಬಂತು, ಆದರೆ ನನಗಲ್ಲ. ಮಂಜುಳನ ಮಣಿಕಟ್ಟು ಹಿಡಿದುಕೊಂಡು, ಅಲ್ಲಾಡಿಸುತ್ತ, ಒಂದೇ ಸಮನೆ ಬೈದರು. ನಾಲ್ಕು ವರ್ಷದ ಶನಿವಾರಗಳನ್ನೆಲ್ಲ ಒಟ್ಟಿಗೆ ಸೇರಿಸಿ ಬೈದ ಹಾಗಿತ್ತು. ಕೇಸ್ ಎಂಬ ಹೆಸರು ಎರಡು ಮೂರು ಸಲ ಬಂತು. ಮಂಜುಳ ಅಳುತ್ತಿದ್ದಳು, ನಡುವೆ ಏನೋ ಎದುರು ಹೇಳುತ್ತಿದ್ದಳು, ಅದಕ್ಕೂ ಬೈಸಿಕೊಂಡಳು. ಅರ್ಧ ತಾಸು ಎಂದದ್ದು ಮುಗಿದು ಹೋಗಿತ್ತು. ಯಾರೂ ನನಗೆ ಅನುವಾದ ಮಾಡಲಿಲ್ಲ, ನಾನೂ ಕೇಳಲಿಲ್ಲ. ಅಜ್ಜಿಯ ಕೈ ಅವಳ ಮಣಿಕಟ್ಟನ್ನು ಬಿಡಲೇ ಇಲ್ಲ ಎಂಬುದನ್ನು ಮಾತ್ರ ನೋಡುತ್ತಿದ್ದೆ.

ಕೊನೆಗೆ ಅಜ್ಜಿ ನನ್ನ ಕಡೆ ತಿರುಗಿ, ದೇವಿಯ ಕಡೆ ಕೈ ತೋರಿಸಿ, ಬೆರಳನ್ನು ಗಿರ್ರನೆ ಸುತ್ತಿಸಿದರು. ಅದಕ್ಕೆ ಅನುವಾದ ಬೇಕಿರಲಿಲ್ಲ. ನಾನು ಪೀಠದ ಒಂದು ಮೂಲೆ ಹಿಡಿದೆ, ಮಂಜುಳ ಎದುರಿನ ಮೂಲೆ. ಎತ್ತಬೇಡ, ವಾಲಿಸಿ ತಿರುಗಿಸು, ಕಾಲು ಹುಷಾರು ಎಂದೆ. ಅವಳು ಮೂಗು ಒರೆಸಿಕೊಂಡು, ನನಗೂ ಗೊತ್ತು, ನಾನೂ ಅದೇ ಮನೆಯವಳೇ ಎಂದಳು. ಗೇಣು ಗೇಣಾಗಿ ತಿರುಗಿಸಿ ಕಿಟಕಿಯ ಬೆಳಕಿಗೆ ನಿಲ್ಲಿಸಿದೆವು.

ಅಜ್ಜಿ ಊರುಗೋಲು ತಳ್ಳಿಕೊಂಡು ತೀರ ಹತ್ತಿರ ಬಂದರು. ದೇವಿಯ ಮುಖಕ್ಕೆ ಮುಖ ಕೊಟ್ಟು ನಿಂತರು. ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಆಮೇಲೆ ನಿಧಾನವಾಗಿ ಒಂದು ಮಾತು ಹೇಳಿದರು. ಮಂಜುಳ ಅದನ್ನು ನನಗೆ ಹೇಳಲೋ ಬೇಡವೋ ಎಂದು ತುಟಿ ಕಚ್ಚಿಕೊಂಡಳು.

"ಎಡಗಣ್ಣು ಸ್ವಲ್ಪ ಮೇಲಕ್ಕೆ ಹೋಗಿದೆ ಅಂತಿದಾರೆ."

ಹೋಗಿತ್ತು. ಎರಡನೆಯ ಗೆರೆ ಎಳೆಯುವಾಗ ಕೈ ಅದುರಿತ್ತು. ಒಂದು ಎಳ್ಳಿನಷ್ಟು. ಅದು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ.

"ಹೌದು ಅಂತ ಹೇಳು," ಎಂದೆ. ಈ ಸಲ ಅವಳು ಹಾಗೆಯೇ ಹೇಳಿದಳು.